ಎಕ್ಕಲಗಿಯಿಂದ ಕೊಡದಾಳಕ್ಕೆ ಐದು ಗಂಟೆ

ಎಕ್ಕಲಗಿ ವಿಮಾನ ನಿಲ್ದಾಣದಿಂದ ಕೊಡದಾಳ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೂರ ತೊಂಬತ್ತು ಕಿಲೋಮೀಟರು. ಹತ್ತೊಂಬತ್ತು ಸೀಟಿನ ಬ್ಯಾಟರಿ ವಿಮಾನ ಈ ದಾರಿಯನ್ನು ಮೂವತ್ತೈದು ನಿಮಿಷದಲ್ಲಿ ಹಾರಿ ಮುಗಿಸುತ್ತದೆ. ಆದರೆ ಟಿಕೆಟ್ಟಿನ ಮೇಲೆ ಪ್ರಯಾಣದ ಅವಧಿ ಐದು ಗಂಟೆ ಎಂದು ಅಚ್ಚಾಗಿರುತ್ತದೆ. ಪ್ರಯಾಣಿಕರು ನಿಜಕ್ಕೂ ಐದು ಗಂಟೆ ತೆಗೆದುಕೊಂಡೇ ತಲುಪುತ್ತಾರೆ. ಮೊದಮೊದಲು ಇದಕ್ಕೆ ಜನ ನಗುತ್ತಿದ್ದರು. ಈಗ ರೊಟ್ಟಿ ಬುತ್ತಿ ಕಟ್ಟಿಕೊಂಡು, ಕಂಕುಳಲ್ಲಿ ತಲೆದಿಂಬು ಇಟ್ಟುಕೊಂಡು ವಿಮಾನ ಹತ್ತುತ್ತಾರೆ.

ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. ಬಸ್ಸು, ರೈಲು, ವಿಮಾನ ಯಾವುದೂ ಹೇಳಿದ ಹೊತ್ತಿಗೆ ಬರುವುದಿಲ್ಲವೆಂದು ಜನ ರೋಸಿಹೋಗಿದ್ದ ಕಾಲದಲ್ಲಿ ‘ಹೇಳಿದ ಹೊತ್ತಿನ ಕಾಯ್ದೆ’ ಬಂತು. ಅದರ ಬೆನ್ನಿಗೇ ಒಂದು ಯಂತ್ರವೂ ಬಂತು. ಅದರ ಸರಕಾರಿ ಹೆಸರು ಒಂದೂವರೆ ಸಾಲು ಇದೆ. ಜನ ಗಂಟೆಪ್ಪ ಎನ್ನುತ್ತಾರೆ. ಹಿಂದಿನ ಪ್ರಯಾಣಗಳಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿ ಮುಂದಿನ ಪ್ರಯಾಣಕ್ಕೆ ಎಷ್ಟು ಬೇಕೆಂದು ಹೇಳುವುದು ಗಂಟೆಪ್ಪನ ಕೆಲಸ. ಅದರ ಮೇಲೆ ಸಿಬ್ಬಂದಿ ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಮುಂಜಾಗ್ರತೆಯ ನಿಮಿಷ ಕೂಡಿಸಬಹುದು. ಕೂಡಿ ಬಂದ ಮೊತ್ತವೇ ಜನರಿಗೆ ಕೊಟ್ಟ ಮಾತು. ಮಾತು ತಪ್ಪಿ ತಡವಾದರೆ, ಎಲ್ಲರಿಗಿಂತ ಕಡಿಮೆ ನಿಮಿಷ ಕೇಳಿದವನ ಹೆಸರಿಗೆ ಒಂದು ಕಪ್ಪು ಚುಕ್ಕೆ. ಮೂರು ಚುಕ್ಕೆಯಾದರೆ ಕೆಲಸ ಹೋಯಿತು.

ಬೇಗ ಬಂದರೂ ಮಾತು ತಪ್ಪಿದಂತೆಯೇ ಎಂದು ಕಾಯ್ದೆ ಬರೆದ ಪುಣ್ಯಾತ್ಮರು ಸೇರಿಸಿದ್ದರು. ಹಾಗಾಗಿ ಬೇಗ ಇಳಿದ ವಿಮಾನ ರನ್‌ವೇಯ ತುದಿಯಲ್ಲಿ ಬಾಗಿಲು ಹಾಕಿಕೊಂಡು ನಿಲ್ಲಬೇಕು. ಬಾಗಿಲು ತೆರೆದರೆ ಮಾತ್ರ ತಲುಪಿದ ಲೆಕ್ಕ. ಮೊದಲ ವರ್ಷ ಮೂವತ್ತೈದು ನಿಮಿಷದ ದಾರಿಗೆ ಸಿಬ್ಬಂದಿ ಒಂದಿಷ್ಟು ಕೂಡಿಸಿ ಐವತ್ತು ಮಾಡಿದರು. ವಿಮಾನ ಕಾದು ನಿಂತು ಸರಿಯಾಗಿ ಐವತ್ತಕ್ಕೆ ಬಾಗಿಲು ತೆರೆಯಿತು. ಮೂರು ತಿಂಗಳಿಗೊಮ್ಮೆ ಪಾಠ ಕಲಿಯುವ ಗಂಟೆಪ್ಪ, ಈ ದಾರಿಗೆ ಐವತ್ತು ನಿಮಿಷ ಬೇಕು ಎಂದು ಕಲಿತ. ಸಿಬ್ಬಂದಿ ಐವತ್ತರ ಮೇಲೆ ಮತ್ತೊಂದಿಷ್ಟು ಕೂಡಿಸಿದರು. ಹೀಗೆ ಹನ್ನೊಂದು ವರ್ಷ ನಡೆಯಿತು. ಯಾರೂ ಮೋಸ ಮಾಡಲಿಲ್ಲ. ಎಲ್ಲರೂ ‘ಇರ್ಲಿ, ಒಂದೈದು ನಿಮಿಷ’ ಎಂದರು, ಅಷ್ಟೆ. ಬಸ್ಸಿನವರದು ಇನ್ನೂ ದೊಡ್ಡ ಕಥೆ. ಅದೇ ಊರಿಗೆ ಬಸ್ಸಿನ ಅವಧಿ ಈಗ ಒಂದು ಹಗಲು, ಒಂದು ರಾತ್ರಿ. ಬರಬರುತ್ತ ಕಾಯ್ದೆ ಕಚೇರಿ, ಆಟೋ, ದರ್ಜಿ ಅಂಗಡಿಗಳಿಗೂ ಹಬ್ಬಿತು.

ಎಕ್ಕಲಗಿಯ ಗೋಪುರದಲ್ಲಿ ಕುಳಿತು ವಿಮಾನಕ್ಕೆ ಅಪ್ಪಣೆ ಕೊಡುವ ಕೆಲಸ ಕಸ್ತೂರಿ ಹಡಗಲಿಯದು. ಗೋಪುರವೆಂದರೆ ಊರ ನೀರಿನ ಟ್ಯಾಂಕಿಗಿಂತ ತುಸು ಎತ್ತರ. ದಿನಕ್ಕೆ ಒಂದು ವಿಮಾನ ಹೋಗುತ್ತದೆ, ಒಂದು ಬರುತ್ತದೆ. ನಲವತ್ತಾರು ವರ್ಷದ ಕಸ್ತೂರಿಗೆ ಈ ಕೆಲಸದಲ್ಲಿ ದಣಿಯುವಂಥದ್ದೇನೂ ಇಲ್ಲ. ಆದರೂ ಪ್ರತಿ ಬೆಳಿಗ್ಗೆ ಗೋಪುರದ ಮೆಟ್ಟಿಲು ಹತ್ತುವಾಗಲೇ ಅವಳಿಗೆ ಸಾಕಾಗಿರುತ್ತದೆ. ಅವಳ ಸರದಿಯ ಮೊದಲ ಕೆಲಸ ನಿಮಿಷ ಕೂಡಿಸುವುದು.

“ತಿಪ್ಪಣ್ಣ, ನಿಂದು ಎಷ್ಟು ಹಾಕ್ಲಿ?” ಎಂದು ಅವಳು ಕೆಳಗೆ ಬ್ಯಾಟರಿ ತುಂಬುತ್ತಿದ್ದವನನ್ನು ಫೋನಿನಲ್ಲಿ ಕೇಳಿದಳು.

“ನಿನ್ನೆ ಎಷ್ಟಿತ್ರಿ ಅಕ್ಕಾರ?”

“ಹತ್ತು.”

“ಹಂಗಾದ್ರ ಹನ್ನೊಂದು ಇರ್ಲಿ ಬಿಡ್ರಿ. ಬಿಸಿಲು ಜೋರೈತಿ.”

ಆಮೇಲೆ ಪೈಲಟ್ ಕ್ಯಾಪ್ಟನ್ ದೇಶಮಾನೆ. ಬೆನ್ನುನೋವಿನ, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಈ ಮನುಷ್ಯನ ಹೆಸರಿಗೆ ಆಗಲೇ ಒಂದು ಕಪ್ಪು ಚುಕ್ಕೆ ಇದೆ. ಆದ್ದರಿಂದ ಅವರು ಮೊದಲು ತಿಪ್ಪಣ್ಣನದು ಎಷ್ಟು, ಕಸ್ತೂರಿಯದು ಎಷ್ಟು ಎಂದು ವಿಚಾರಿಸಿ, ಅದಕ್ಕಿಂತ ಒಂದು ಹೆಚ್ಚು ಹೇಳುತ್ತಾರೆ. ಕೊನೆಗೆ ರೇಡಿಯೋದಲ್ಲಿ ಕೊಡದಾಳದ ಮೌಲಾಸಾಬ. ಅಲ್ಲಿ ವಿಮಾನದ ಬಾಗಿಲು ತೆರೆಸುವ ಹೊಣೆ ಅವನದು. “ಅಕ್ಕಾರ, ಎಲ್ಲಾರದೂ ಎಷ್ಟೈತಿ ಅಷ್ಟ ನಂದೂ ಇರ್ಲಿ,” ಎಂದು ಅವನು ದಿನವೂ ನಗುತ್ತಲೇ ಹೇಳುತ್ತಾನೆ. ನಾಲ್ವರೂ ಒಳ್ಳೆಯವರೇ. ಅದೇ ತೊಂದರೆ.

ಆ ಸೋಮವಾರ ಬೆಳಿಗ್ಗೆ ಕೊಡದಾಳದ ಕ್ಯಾನ್ಸರ್ ಆಸ್ಪತ್ರೆಯಿಂದ ಡಾಕ್ಟರ್ ಉಜ್ವಲಾ ಫೋನು ಮಾಡಿದರು. ವಿಷಯ ಸೀಸದ ಡಬ್ಬಿಯದು. ದೇಹದೊಳಗೆ ಗಡ್ಡೆ ಎಲ್ಲೆಲ್ಲಿ ಹಬ್ಬಿದೆ ಎಂದು ತೋರಿಸುವ ಸ್ಕ್ಯಾನಿಗೆ ಮೊದಲು ರೋಗಿಗೆ ಒಂದು ವಿಕಿರಣದ ಮದ್ದು ಚುಚ್ಚಬೇಕು. ಆ ಮದ್ದು ತಯಾರಾಗುವುದು ಎಕ್ಕಲಗಿಯ ಪ್ರಯೋಗಾಲಯದಲ್ಲಿ. ದಿನವೂ ಬೆಳಿಗ್ಗೆ ಸೀಸದ ಡಬ್ಬಿಯಲ್ಲಿ ಕೂತು ವಿಮಾನದಲ್ಲಿ ಕೊಡದಾಳಕ್ಕೆ ಹೋಗುತ್ತದೆ. ಅದರ ಗುಣವೆಂದರೆ, ಸುಮಾರು ಎರಡು ಗಂಟೆಗೊಮ್ಮೆ ಅದರ ಕಸುವು ಅರ್ಧಕ್ಕಿಳಿಯುತ್ತದೆ. ಬಿಸಿ ಮಾಡಿದರೂ ಅಷ್ಟೆ, ತಣ್ಣಗಿಟ್ಟರೂ ಅಷ್ಟೆ, ಬೀಗ ಹಾಕಿದರೂ ಅಷ್ಟೆ. ಅವಧಿ ಮೂವತ್ತೈದು ನಿಮಿಷವಿದ್ದ ಕಾಲದಲ್ಲಿ ಒಂದು ಡಬ್ಬಿ ಆರು ಜನಕ್ಕಾಗುತ್ತಿತ್ತು. ಈಗ ಐದು ಗಂಟೆ ಕಾದ ಮೇಲೆ ಒಬ್ಬರಿಗೆ ಆಗುವಷ್ಟು ಉಳಿಯುತ್ತದೆ. ಡಬ್ಬಿಗೆ ವಿನಾಯಿತಿ ಕೊಡಿ ಎಂದು ಆಸ್ಪತ್ರೆಯವರು ಅರ್ಜಿ ಹಾಕಿದ್ದಾರೆ. ಉತ್ತರ ಕೊಡಲು ಎರಡು ವರ್ಷ ಬೇಕೆಂದು ಕಚೇರಿ ತಿಳಿಸಿದೆ; ಕಚೇರಿಯೂ ಮಾತಿಗೆ ತಪ್ಪುವಂತಿಲ್ಲವಲ್ಲ.

“ಕಸ್ತೂರಿಯವರ, ಮುಂದಿನ ಸೋಮವಾರ ಗಂಟೆಪ್ಪ ಹೊಸಾ ಅವಧಿ ಹಾಕ್ತಾನ ಅಂತ ಕೇಳಿದೆ. ಎಷ್ಟಾಗತೈತ್ರಿ?”

“ಐದು ಗಂಟೆ ನಲವತ್ತು ನಿಮಿಷ, ಮೇಡಂ.”

ಆ ಕಡೆ ಡಾಕ್ಟರು ಲೆಕ್ಕ ಹಾಕಿದರು. “ಅಷ್ಟೊತ್ತಿಗೆ ಒಬ್ಬರಿಗೂ ಸಾಕಾಗಂಗಿಲ್ರಿ. ಸೋಮವಾರದಿಂದ ಡಬ್ಬಿ ಕಳಿಸೋದ ಬ್ಯಾಡ. ಮಷೀನಿಗೆ ಬಟ್ಟಿ ಮುಚ್ಚಿ ಇಡ್ತೀವಿ.”

ಕಸ್ತೂರಿ ಫೋನು ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಅವಳ ಅಕ್ಕ ನೀಲವ್ವನ ಸ್ಕ್ಯಾನ್ ಇದ್ದದ್ದು ಮುಂದಿನ ವಾರದ ಬುಧವಾರ. ಅಂದರೆ ಇನ್ನು ಇಲ್ಲ.

ಮರುದಿನ ಅವಳ ವಾರದ ರಜೆ. ಬೆಳಗಿನ ವಿಮಾನ ಹತ್ತಿ ಅಕ್ಕನ ಊರಿಗೆ ಹೊರಟಳು. ಮೊದಲ ಸಾಲಿನ ಕಿಟಕಿಯ ಸೀಟಿನಲ್ಲಿ, ಬೆಲ್ಟು ಬಿಗಿಸಿಕೊಂಡು ಸೀಸದ ಡಬ್ಬಿ ಕೂತಿತ್ತು. ಮೂವತ್ತೈದು ನಿಮಿಷಕ್ಕೆ ಕೊಡದಾಳದಲ್ಲಿ ಇಳಿದು, ರನ್‌ವೇ ತುದಿಯ ಜಾಲಿಗಿಡಗಳ ಪಕ್ಕ ವಿಮಾನ ನಿಂತಿತು. ದೇಶಮಾನೆ ಹಣೆಯ ಮೇಲೆ ಕರವಸ್ತ್ರ ಹಾಕಿಕೊಂಡು ಸೀಟು ಹಿಂದಕ್ಕೆ ಬಾಗಿಸಿದರು. ಪ್ರಯಾಣಿಕರು ಚಪ್ಪಲಿ ಬಿಟ್ಟು ಕಾಲು ಮೇಲೆ ಹಾಕಿ ಕೂತರು. ಯಾರೋ ಇಸ್ಪೀಟು ತೆಗೆದರು, ಯಾರೋ ಪಕ್ಕದವರ ಮಗಳಿಗೆ ಗಂಡು ತೋರಿಸಿದರು. ಕಿಟಕಿಯಾಚೆ, ಅರ್ಧ ಕಿಲೋಮೀಟರೂ ಇಲ್ಲದ ದೂರದಲ್ಲಿ, ವಿಮಾನ ಹೋಗಿ ನಿಲ್ಲಬೇಕಾದ ಕಟ್ಟಡದ ಮುಂದಿನ ಅಂಗಳ ಕಾಣುತ್ತಿತ್ತು. ಹನ್ನೊಂದರವರೆಗೆ ಅಲ್ಲಿಗೆ ವಿಮಾನ ಬರುವುದಿಲ್ಲವೆಂದು ಗೊತ್ತಿದ್ದ ಊರಿನವರು ಆ ಹಸನಾದ ಕಾಂಕ್ರೀಟಿನ ತುಂಬ ತಾಡಪತ್ರಿ ಹಾಸಿ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಅದರ ಹಿಂದೆ ಆಸ್ಪತ್ರೆಯ ಬಿಳಿ ಕಟ್ಟಡ.

ಕಸ್ತೂರಿ ಡಬ್ಬಿಯನ್ನೇ ನೋಡುತ್ತ ಕೂತಳು. ವಿಮಾನದಲ್ಲಿದ್ದ ಎಲ್ಲರೂ ಕಾಯುತ್ತಿದ್ದರು, ಅದೊಂದು ಕಾಯುತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿಕೊಂಡರೆ ಬೈಯಲು ಯಾರೂ ಸಿಗಲಿಲ್ಲ. ಆ ಐದು ಗಂಟೆಯಲ್ಲಿ ಅವಳು ದಿನವೂ ಹಾಕುವ ನಿಮಿಷಗಳೂ ಇದ್ದವು.

ನೀಲವ್ವ ದರ್ಜಿ. ಅವಳ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಅವ್ವ ಬೇಗ ತೀರಿಹೋದ ಮೇಲೆ ಬ್ಲೌಸ್ ಹೊಲಿದು ತಂಗಿಯನ್ನು ಓದಿಸಿದವಳು ಅವಳೇ. ಅಕ್ಕ ತಂಗಿ ಇಬ್ಬರಿಗೂ ಬಳಗವೆಂದರೆ ಒಬ್ಬರಿಗೊಬ್ಬರು. ಕಸ್ತೂರಿ ಒಳಗೆ ಹೋದಾಗ ನೀಲವ್ವ, ಔಷಧಿಗೆ ಕೂದಲು ಉದುರಿದ ತಲೆಗೆ ಹಳೆಯ ದುಪಟ್ಟಾ ಸುತ್ತಿಕೊಂಡು, ಮಷೀನಿನ ಮುಂದೆ ಕೂತಿದ್ದಳು. ಗೋಡೆಯ ಉದ್ದಕ್ಕೂ ಹೊಲಿದು ಮುಗಿಸಿದ ಬ್ಲೌಸುಗಳು ತೂಗುತ್ತಿದ್ದವು.

“ಇವೆಲ್ಲಾ ಕೊಟ್ಟಿಲ್ಲೇನು ಇನ್ನಾ?” ಕಸ್ತೂರಿ ಕೇಳಿದಳು.

“ಮೂರು ತಿಂಗಳು ಅಂತ ಹೇಳೀನಿ. ಇನ್ನಾ ಎರಡು ಆಗೇತಿ. ಹೊಲ್ಯಾಕ ಹಿಡಿಯೋದು ಅರ್ಧಾ ದಿನ. ಲಗೂ ಕೊಟ್ರ ನನಗೂ ಚುಕ್ಕಿ ಬೀಳತೈತಿ. ಕೊಡೂ ಹೊತ್ತಿಗೆ ಅವರು ದಪ್ಪ ಆಗಿರ್ತಾರ. ಮತ್ತ ಬಿಚ್ಚಬೇಕು.” ನೀಲವ್ವ ದಾರ ಹರಿದಳು. “ಉಂಡು ಬಂದೀಯೋ ಇಲ್ಲೋ?”

“ವಿಮಾನದಾಗ ಉಂಡೆ. ಡಾಕ್ಟರು ನಿನಗ ಹೇಳಿದ್ರೇನು?”

“ಹೇಳಿದ್ರು. ಒಳಗ ಎಲ್ಲೆಲ್ಲಿ ಹಬ್ಬೇತಿ ಅಂತ ನೋಡದ ಚಾಕು ಹಾಕಂಗಿಲ್ಲಂತ. ನೋಡಾಕ ಮದ್ದು ಇಲ್ಲಂತ. ದೊಡ್ಡ ಊರಿಗೆ ಹೋಗ್ರಿ ಅಂತಾರ. ಅಲ್ಲಿ ಪಾಳಿ ಏಳು ತಿಂಗಳು, ಬಸ್ಸಿನಾಗ ಎರಡು ದಿನ.” ಅವಳು ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. “ನನಗ ಏಳು ತಿಂಗಳು ಇಲ್ಲ ಕಸ್ತೂರಿ. ಡಾಕ್ಟರು ಹೇಳಲಿಲ್ಲ, ಆದ್ರ ಅವರ ಮಾರಿ ನೋಡಿದ್ರ ಗೊತ್ತಾಗತೈತಿ.”

ಕಸ್ತೂರಿಗೆ ಅಳು ಬಂತು. ಅಕ್ಕನ ಮುಂದೆ ಅಳಬಾರದೆಂದು ಅವಳು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಆಗ ನೆನಪಿಗೆ ಬಂದದ್ದು ಗಂಟೆಪ್ಪನ ಪರದೆಯ ಮೂಲೆಯಲ್ಲಿದ್ದ, ಹನ್ನೊಂದು ವರ್ಷದಲ್ಲಿ ಒಬ್ಬರೂ ಒತ್ತದ ಗುಂಡಿ. ಅದರ ಹೆಸರು ‘ಸ್ವಂತ ಹೊಣೆ’. ಸಿಬ್ಬಂದಿ ನಾಲ್ವರೂ ಒಪ್ಪಿದರೆ, ಆ ಒಂದು ದಿನದ ಮಟ್ಟಿಗೆ ಗಂಟೆಪ್ಪನ ಲೆಕ್ಕ ಬದಿಗಿಟ್ಟು ತಾವೇ ಒಂದು ಅವಧಿ ಹೇಳಬಹುದು. ತಡವಾದರೆ ಮಾತ್ರ ಚುಕ್ಕೆ ನಾಲ್ವರಿಗೂ ಬೀಳುತ್ತದೆ.

“ಗುರುವಾರ ಮುಂಜಾನೆ ಲಗೂ ಎದ್ದು ಆಸ್ಪತ್ರಿಗೆ ಹೋಗಿ ಕೂತ್ಕೊ,” ಎಂದಳು ಹೊರಡುವಾಗ.

“ಯಾಕ?”

“ಸುಮ್ನ ಕೂತ್ಕೊ. ಯಾಕ ಅಂತ ನಾ ಹೇಳಂಗಿಲ್ಲ.”

ಡಾಕ್ಟರ್ ಉಜ್ವಲಾಗೂ ಅವಳು ಹೇಳಲಿಲ್ಲ. ಹೇಳಿ, ಗುರುವಾರ ಆಗದೆ ಹೋದರೆ ಮಾತು ತಪ್ಪಿದಂತಾಗುತ್ತದೆ. ಅಷ್ಟು ವರ್ಷ ಆ ಕೆಲಸ ಮಾಡಿದವಳಿಗೆ ಆಸೆಯನ್ನೂ ಸ್ವಲ್ಪ ಕಡಿಮೆ ಮಾಡಿಯೇ ಹೇಳುವ ಚಾಳಿ ಬಂದಿತ್ತು.

ಬುಧವಾರ ಅವಳು ಮೂವರನ್ನೂ ಕೇಳಿದಳು. ತಿಪ್ಪಣ್ಣ ಯೋಚಿಸಲೇ ಇಲ್ಲ. “ನೀಲಕ್ಕಗ ಏನ್ರಿ? ಒತ್ರಿ ಅಕ್ಕಾರ. ನಮ್ಮಾಕಿ ಮದಿವಿ ಬ್ಲೌಸ್ ಹೊಲದವ್ರು ಅವರ ಅಲ್ಲೇನ್ರಿ.” ರೇಡಿಯೋದಲ್ಲಿ ಮೌಲಾಸಾಬ, “ನನ್ನ ಹೆಸರಿನ ಮುಂದ ಒಂದೂ ಚುಕ್ಕಿ ಇಲ್ಲ. ಒಂದು ಬಿದ್ರ ಬೀಳ್ಲಿ, ದೃಷ್ಟಿಬೊಟ್ಟು ಅನ್ಕೋತೀನಿ,” ಎಂದ. ಉಳಿದವರು ದೇಶಮಾನೆ.

ಅವರು ಗೋಪುರದ ಕೆಳಗಿನ ಬೆಂಚಿನ ಮೇಲೆ, ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದರು. ಕಸ್ತೂರಿ ಹೇಳಿದ್ದನ್ನೆಲ್ಲ ಕೇಳಿದರು.

“ಮೇಡಂ, ಮೂವತ್ತೈದು ನಿಮಿಷ ಹಾರಿ ನಾಲ್ಕೂವರಿ ತಾಸು ನಿಂತ್ಕೋತೀನಿ. ಬರೂ ಮುಂದ ಮತ್ತ ಅಷ್ಟ. ಮನಿಗೆ ಹೋದ್ರ ನನ್ನ ಹೆಂಡತಿ ಬಾಡಿಗಿ ಇರಾಂವ ಬಂದ ಅಂತಾಳ. ನಾ ಪೈಲಟ್ ಅಂತ ನನಗ ಮರ್ತು ಹೋಗೇತಿ.” ಅವರು ಚೀಲ ಆ ಕಡೆಯಿಂದ ಈ ಕಡೆಗೆ ಸರಿಸಿದರು. “ಒಂದು ಚುಕ್ಕಿ ಐತಿ ನಂದು. ಇನ್ನೊಂದು ಬಿದ್ರ ಎರಡು. ಹೆದರಿಕಿ ಆಗತೈತಿ, ಸುಳ್ಳ್ಯಾಕ ಹೇಳ್ಲಿ.”

“ನೀವು ಒಲ್ಲೆ ಅಂದ್ರ ನಾ ಬ್ಯಾಸರ ಮಾಡ್ಕೊಳಂಗಿಲ್ರಿ.”

“ನಿಮ್ಮ ಒಡಹುಟ್ಟಿದಾಕಿ. ಅಕ್ಕ ಅಂದ ಮ್ಯಾಲೆ ಇಲ್ಲ ಅನ್ನಾಕ ಹ್ಯಾಂಗ ಬರತೈತ್ರಿ?” ದೇಶಮಾನೆ ಎದ್ದು ನಿಂತರು. “ಒಂದ ಸಲ. ಮೂವತ್ತೆಂಟು ನಿಮಿಷ ಅಂತ ಹಾಕ್ರಿ.”

ಗುರುವಾರ ಬೆಳಿಗ್ಗೆ ನಾಲ್ವರೂ ಒಬ್ಬರಾದ ಮೇಲೆ ಒಬ್ಬರು ಗುಂಡಿ ಒತ್ತಿದರು. ಗಂಟೆಪ್ಪ ‘ಖಚಿತವೇ?’ ಎಂದು ಮೂರು ಸಲ ಕೇಳಿದ. ವಿಮಾನ ಏರಿತು. ಮಳೆಯಿಲ್ಲ, ಬಿರುಗಾಳಿಯಿಲ್ಲ, ಎಂದಿನ ಬೋಳು ಆಕಾಶ. ಸರಿಯಾಗಿ ಮೂವತ್ತೈದಕ್ಕೆ ಕೊಡದಾಳದಲ್ಲಿ ಚಕ್ರ ನೆಲ ಮುಟ್ಟಿತೆಂದು ದೇಶಮಾನೆ ಹೇಳಿದಾಗ ಕಸ್ತೂರಿ ಕುರ್ಚಿಯಿಂದ ಎದ್ದೇಬಿಟ್ಟಳು. ಆಮೇಲೆ ರೇಡಿಯೋದಲ್ಲಿ ಮೌಲಾಸಾಬನ ಕೂಗು ಕೇಳಿತು.

“ತಡೀರಿ ಸಾಹೇಬ್ರ, ತಡೀರಿ! ಮೆಣಸಿನಕಾಯಿ!”

ಬಾಗಿಲಿಗೆ ಕೀಲಿ, ಮೆಟ್ಟಿಲ ಗಾಡಿ, ಆಸ್ಪತ್ರೆಯ ಆಂಬುಲೆನ್ಸು ಎಲ್ಲವನ್ನೂ ಅವನು ಹಿಂದಿನ ದಿನವೇ ಸಜ್ಜು ಮಾಡಿಟ್ಟಿದ್ದ. ಅಂಗಳದ ಮೆಣಸಿನಕಾಯಿ ಮಾತ್ರ ಅವನ ತಲೆಗೆ ಬಂದಿರಲಿಲ್ಲ. ಎಷ್ಟೋ ವರ್ಷದಿಂದ ದಿನವೂ ನೋಡಿ ನೋಡಿ ಅದು ಅವನ ಕಣ್ಣಿಗೆ ನೆಲದ ಬಣ್ಣವೇ ಆಗಿಹೋಗಿತ್ತು. ಅವನೂ ಮೆಟ್ಟಿಲ ಗಾಡಿಯವನೂ ಆಂಬುಲೆನ್ಸಿನ ಡ್ರೈವರೂ ತಾಡಪತ್ರಿಗಳ ಮೂಲೆ ಹಿಡಿದು ಎಳೆದರು. ವಿಮಾನದ ಗಾಳಿಗೆ ಖಾರ ಎದ್ದು ಮೂವರೂ ಸೀನುತ್ತ ಕೆಮ್ಮುತ್ತ ದಾರಿ ಬಿಡಿಸುವ ಹೊತ್ತಿಗೆ ಹೊತ್ತು ಮೀರಿತು. ಬಾಗಿಲು ತೆರೆದದ್ದು ನಲವತ್ತೊಂದನೆಯ ನಿಮಿಷಕ್ಕೆ. ಐದು ಗಂಟೆಯ ದಾರಿಯನ್ನು ನಲವತ್ತೊಂದು ನಿಮಿಷದಲ್ಲಿ ಮುಗಿಸಿದ ವಿಮಾನವನ್ನು ಗಂಟೆಪ್ಪ ‘ತಡ’ ಎಂದು ದಾಖಲಿಸಿ, ನಾಲ್ವರ ಹೆಸರಿಗೂ ಒಂದೊಂದು ಕಪ್ಪು ಚುಕ್ಕೆ ಇಟ್ಟ.

ಪ್ರಯಾಣಿಕರಿಗೂ ಖುಷಿಯಾಗಲಿಲ್ಲ. ಆಗಷ್ಟೇ ಬುತ್ತಿ ಬಿಚ್ಚಿದ್ದ ಮುದುಕನೊಬ್ಬ, “ಇಷ್ಟ ಲಗೂ ಯಾಕ ಇಳಸಾಕತ್ತೀರಿ? ನಮ್ಮ ಅಳಿಯಾ ಹನ್ನೊಂದಕ್ಕ ಬರ್ತಾನ, ಅಲ್ಲಿತನಕ ನಾ ಎಲ್ಲಿ ಕೂಡ್ಲಿ?” ಎಂದು ಮೌಲಾಸಾಬನನ್ನು ಗದರಿದ. ಆದರೆ ಡಬ್ಬಿ ಆಸ್ಪತ್ರೆ ಸೇರಿತ್ತು.

ಮಧ್ಯಾಹ್ನ ನೀಲವ್ವನ ಫೋನು ಬಂತು. ಕಸ್ತೂರಿ ಕಿವಿಗೆ ಇಟ್ಟುಕೊಂಡಳು.

“ಒಂದ ಕಡೆ ಐತಂತ. ಬ್ಯಾರೆ ಎಲ್ಲೂ ಹಬ್ಬಿಲ್ಲ. ಮುಂದಿನ ವಾರ ಕೊಯ್ದು ತೆಗೀತಾರಂತ.”

ಈ ಸಲ ಕಸ್ತೂರಿ ಪಾತ್ರೆ ಹುಡುಕಿಕೊಂಡು ಹೋಗಲಿಲ್ಲ. ಗೋಪುರದಲ್ಲಿ ಕೂತು ಸಣ್ಣ ಹುಡುಗಿಯಂತೆ ಅತ್ತುಬಿಟ್ಟಳು. ನೀಲವ್ವ ಅವಳು ಅತ್ತು ಮುಗಿಸುವವರೆಗೂ ಕಾದಳು.

“ಆತೇನು? ಈಗ ಕೇಳು. ನಾ ಇನ್ನಾ ಆಸ್ಪತ್ರ್ಯಾಗ ಅದೀನಿ. ನನ್ನಕಿಂತ ಮೊದಲ ಒಬ್ಬ ಹುಡುಗಿ ಇದ್ಲು, ಇವತ್ತಿನ ಪಾಳಿ ಆಕೀದ. ಆಮ್ಯಾಲೆ ನಾನು. ನನ್ನ ಹಿಂದ ಯಾರು ಅಂತ ಡಾಕ್ಟರನ್ನ ಕೇಳಿದೆ. ಯಾರೂ ಇ‌ಲ್ಲ ಅಂದ್ರು. ನನಗ ಚುಚ್ಚಿದ ಮ್ಯಾಲೆ ಡಬ್ಬ್ಯಾಗ ಇನ್ನಾ ನಾಲ್ಕು ಮಂದೀದು ಮದ್ದು ಉಳದಿತ್ತು ಕಸ್ತೂರಿ. ಕೂತಲ್ಲೇ ಇಳದು ಹೋಗಾಕತ್ತೈತಿ.”

ಕಸ್ತೂರಿ ಕಣ್ಣೊರೆಸಿಕೊಂಡಳು.

“ಡಾಕ್ಟರು ಮುಂಜಾನಿಂದ ಫೋನು ಮಾಡಾಕತ್ತಾರ. ಬರ್ರಿ, ಇವತ್ತ ಆಗತೈತಿ ಅಂತ. ಯಾರೂ ನಂಬವಲ್ರು. ನಂಬಿದವ್ರಿಗೆ ಬಸ್ಸಿಲ್ಲ. ಆಟೋದಾಂವ ಹತ್ತು ಕಿಲೋಮೀಟರಿಗೆ ಸಂಜಿತನಕ ಟೈಮ್ ಹೇಳ್ತಾನ. ಸಂಜಿಗೆ ಅದು ಬರೇ ನೀರಂತ.” ನೀಲವ್ವನ ದನಿ ಏರಿತು. “ನಿನ್ನೆ ಒಂದು ಮಾತು ಡಾಕ್ಟರಿಗೆ ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು? ಇಲ್ಲಿ ಕುರ್ಚಿ ಎಲ್ಲಾ ಖಾಲಿ ಬಿದ್ದಾವ. ನಾ ಒಬ್ಬಾಕಿ ಕುಂತೀನಿ. ಬರೇ ನನಗ ಅಂತ ತಂದ್ಯಾ?”

“ಹೇಳಿ, ಆಗದಿದ್ರ ಅಂತ ಹೆದರಿದೆ ಅಕ್ಕ.”

“ಹೆದರಿದ್ದು ಸಾಕು,” ಎಂದಳು ನೀಲವ್ವ. ಆಮೇಲೆ ಮೆತ್ತಗಾಗಿ, “ಉಂಡೀಯೇನು?” ಎಂದು ಕೇಳಿ ಫೋನು ಇಟ್ಟಳು.

ಅದೇ ಸಂಜೆ ಗಂಟೆಪ್ಪನ ಪರದೆಯ ಮೇಲೆ ಗುರುವಾರದ ಹಾರಾಟದ ಎದುರು ‘ಅಪವಾದ, ಲೆಕ್ಕಕ್ಕಿಲ್ಲ’ ಎಂದು ಬಿತ್ತು. ಅದೂ ಸಹಜವೇ. ಒಂದು ದಿನ ಆದದ್ದನ್ನು ಗಂಟೆಪ್ಪ ನಂಬುವುದಿಲ್ಲ. ದಿನವೂ ಆಗುತ್ತ ಹೋದರೆ ಮಾತ್ರ, ಮೂರು ತಿಂಗಳ ಕೊನೆಗೆ, ದಾರಿ ಚಿಕ್ಕದಾಗಿದೆ ಎಂದು ಒಪ್ಪುತ್ತಾನೆ. ಅಲ್ಲಿಯವರೆಗೆ ದಿನ ಬೆಳಗಾದರೆ ನಾಲ್ವರೂ ಒಪ್ಪಬೇಕು. ಕಸ್ತೂರಿ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟಳು; ಅಷ್ಟು ದೂರ ಯೋಚಿಸುವ ತ್ರಾಣ ಅವಳಲ್ಲಿರಲಿಲ್ಲ. ಡಾಕ್ಟರ್ ಉಜ್ವಲಾಗೆ ಫೋನು ಮಾಡಿ, “ನಾಳೆ ಆರು ಮಂದಿಗೆ ಬರಾಕ ಹೇಳ್ರಿ,” ಎಂದಷ್ಟೇ ಹೇಳಿದಳು. ಆಗುತ್ತದೋ ಇಲ್ಲವೋ ಗೊತ್ತಿಲ್ಲದೆ ಅವಳು ಕೊಟ್ಟ ಮೊದಲ ಮಾತು ಅದು. ಡಾಕ್ಟರು ಪಾಳಿಯಲ್ಲಿದ್ದ ಆರು ಹೆಸರುಗಳನ್ನು ಫೋನಿನಲ್ಲೇ ಓದಿ ಹೇಳಿದರು.

ಶುಕ್ರವಾರ ಬೆಳಿಗ್ಗೆ ದೇಶಮಾನೆ ತಾವೇ ಗೋಪುರದ ಮೆಟ್ಟಿಲು ಹತ್ತಿ ಬಂದರು. ಬೆನ್ನುನೋವಿನ ಮನುಷ್ಯ, ಹತ್ತುವುದೇ ಅಪರೂಪ. ತಿಪ್ಪಣ್ಣನೂ ಹಿಂದೆ ಬಂದು ಬಾಗಿಲಲ್ಲಿ ನಿಂತ. ಕೊಡದಾಳದ ರೇಡಿಯೋ ತೆರೆದೇ ಇತ್ತು.

“ನಿಮ್ಮ ಅಕ್ಕಾರದು ಚಲೋ ಆತಂತ ಕೇಳಿದೆ. ಭಾಳ ಸಂತೋಷ ಆತ್ರಿ,” ಎಂದರು ದೇಶಮಾನೆ. “ಎರಡು ಚುಕ್ಕಿ ಆದ್ರೂ ಬ್ಯಾಸರಿಲ್ಲ. ಇವತ್ತ ಎಂದಿನಂಗ ಹಾಕೂಣು. ಐದು ತಾಸು.”

“ಇವತ್ತೂ ಮೂವತ್ತೆಂಟು ಹಾಕೂಣ್ರಿ.”

“ಯಾಕ? ನಿಮ್ಮ ಅಕ್ಕಾರ ಕೆಲಸ ಮುಗೀತಲ್ಲ?”

“ಇವತ್ತ ನಮ್ಮ ಚಿಕ್ಕವ್ವಂದೈತಿ. ದ್ಯಾಮವ್ವ ಅಂತ.”

ದೇಶಮಾನೆ ಅವಳನ್ನೇ ನೋಡಿದರು. ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದವರು. “ಮೇಡಂ, ನಿಮಗ ನೀಲಕ್ಕ ಬಿಟ್ರ ಯಾರೂ ಇಲ್ಲ. ನೀವ ಹೇಳೀರಿ, ಒಂದಲ್ಲ ಹತ್ತು ಸಲ.”

ಕಸ್ತೂರಿ ತಲೆ ತಗ್ಗಿಸಿದಳು. ಸುಳ್ಳು ಹೇಳುವುದೂ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ.

“ನಿಮ್ಮಕ್ಕ ಅಂದ್ರ ನಾ ಇಲ್ಲ ಅನ್ನಲಿಲ್ಲ. ಹಂಗಂತ ಗುರ್ತು ಪರಿಚಯ ಇಲ್ಲದ ಮಂದಿಗೆ ಮೂರನೇ ಚುಕ್ಕಿ ಹಾಕ್ಸಿಕೊಂಡು ಮನಿಗೆ ಹೋಗಂದ್ರ ಹ್ಯಾಂಗ್ರಿ? ಯಾರ ಸಲುವಾಗಿ ಹೋಗ್ಲಿ ನಾನು? ಹೇಳ್ರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಉಳದ ಐದು ಮಂದಿ ಯಾರ್ಯಾರು? ಅವರೂ ನಿಮ್ಮ ಬಳಗ ಏನು?”

ಕಸ್ತೂರಿ ನೆನಪಿದ್ದಷ್ಟು ಹೇಳಿದಳು. ಹಾಲಿನ ಡೈರಿಯ ಗೋಣಿಬಸಪ್ಪ. ರೇಣುಕಾ, ಒಂಬತ್ತನೇ ಕ್ಲಾಸಿನ ಹುಡುಗಿ. ಮಠದ ಓಣಿಯ ರಾಘವೇಂದ್ರಾಚಾರ್ಯರು. ಇನ್ನಿಬ್ಬರ ಹೆಸರು ನಾಲಿಗೆಗೆ ಬರಲಿಲ್ಲ. ದೇಶಮಾನೆ ತಲೆಯಾಡಿಸಿ ಮೆಟ್ಟಿಲ ಕಡೆ ತಿರುಗಿದರು.

ರೇಡಿಯೋ ಗೊರಗೊರ ಎಂದಿತು. “ಸಾಹೇಬ್ರ,” ಎಂದ ಮೌಲಾಸಾಬ. ಹಿಂದಿನ ದಿನದ ಖಾರಕ್ಕೆ ಅವನ ಗಂಟಲು ಇನ್ನೂ ಒರಟಾಗಿತ್ತು. “ಅಂಗಳ ಖಾಲಿ ಮಾಡ್ಸೀನ್ರಿ. ನಸುಕಿನಾಗ ನಾನ ಬಂದು ಕಸಬರಿಗಿಲೆ ಹೊಡದೀನಿ. ಒಂದು ಕಾಯಿನೂ ಇಲ್ಲ.”

“ಚಲೋ ಆತು ಮೌಲಾ. ಆದ್ರ ಇವತ್ತ ಐದು ತಾಸ ಇರ್ಲಿ.”

“ಹಂಗನಬ್ಯಾಡ್ರಿ ಸಾಹೇಬ್ರ. ಆ ರಾಘವೇಂದ್ರಾಚಾರ್ರು ಅಂದ್ರಲ್ಲ ಅಕ್ಕಾರು. ನಿನ್ನೆ ರಾತ್ರಿನ ಬಂದು ಆಸ್ಪತ್ರಿ ಬಾಗಲ್ದಾಗ ಮಲಗ್ಯಾರ. ನಮ್ಮ ಸ್ವಂತ ಕಾಕಾ ಆಗ್ಬೇಕ್ರಿ ಅವರು.”

ತಿಪ್ಪಣ್ಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ದೇಶಮಾನೆ ಮೆಟ್ಟಿಲ ಕಂಬಿ ಹಿಡಿದು ನಿಂತವರು ನಿಂತೇ ಇದ್ದರು. ಆಮೇಲೆ ನಿಧಾನವಾಗಿ ತಿರುಗಿ ಬಂದು, ಕಸ್ತೂರಿಯ ಪಕ್ಕದಿಂದ ಕೈ ಚಾಚಿ, ಪರದೆಯ ಮೂಲೆಯ ಗುಂಡಿ ಒತ್ತಿದರು.

“ಉಳದ ಇಬ್ಬರ ಹೆಸರು ಕೇಳಿ ಇಡ್ರಿ ಮೇಡಂ,” ಎಂದರು. “ನಮ್ಮ ಮನಿ ಕಡ್ಯಾವ್ರೂ ಯಾರರ ಇರಬೇಕು.”